ಎಂಜಲು ಪೈಪು

"ಹೋಟೆಲಿನಾಗ ಎಂಜಲಾ ತೊಳಿಯೋ ಕೈಯಾಗ ಇಂಥಾ ಸಾಮಾನು ಕೊಟ್ಟೆನಲ್ಲ, ನಂದೇ ತಪ್ಪು" ಎಂದ ಬಿಂದುಮಾಧವ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಂದಾಕಿನಿ ತಿರುಗಿ ನೋಡಿದಳು. ಗಂಡನ ಅಂಗೈಯಲ್ಲಿದ್ದ, ತಂಬಾಕು ಸೇದುವ ಕಟ್ಟಿಗೆ ಪೈಪಿನ ಬಟ್ಟಲು ಮೇಲಿಂದ ಬುಡದವರೆಗೆ ಸೀಳಿತ್ತು. ಎದುರಿಗೆ ಜಯಕರ, ಪಂಚವಟಿಯಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯವನು. ನಾಸಿಕಕ್ಕೆ ವರ್ಗವಾಗಿ ಬಂದ ಮೇಲೆ ಈ ಮನೆಗೆ ನಮ್ಮವನು ಅಂತ ಇದ್ದವನು ಅವನೊಬ್ಬನೇ. ಮಂದಾಕಿನಿ ಟೈಫಾಯ್ಡ್ ಬಂದು ಮಲಗಿದ್ದಾಗ ಎರಡು ಹೊತ್ತೂ ಡಬ್ಬಿ ಕಳಿಸಿದವನು.

ಬ್ಯಾಂಕಿನ ಕೆಲಸ ಬಿಟ್ಟರೆ ಬಿಂದುಮಾಧವನಿಗೆ ಪೈಪು ಕೆತ್ತುವುದೊಂದೇ ಹುಚ್ಚು. ಆದರೆ ಧಾರವಾಡದ ಆಚಾರವಂತರ ಮಗ, ತಂಬಾಕು ಬಾಯಿಗೆ ಮುಟ್ಟಿಸುವವನಲ್ಲ. ಹೊಸ ಪೈಪನ್ನು ಯಾರಾದರೂ ಮೊದಲು ಮೆಲ್ಲಗೆ ಸೇದಿ ಒಳಗೆ ಮಸಿ ಕಟ್ಟಿಸಬೇಕು, ಇಲ್ಲದಿದ್ದರೆ ಕಟ್ಟಿಗೆ ಸುಟ್ಟು ಸೀಳುತ್ತದೆ. ಆ ಕೆಲಸ ಯಾವಾಗಲೂ ಜಯಕರನದು. ಈ ಸಲದ ಪೈಪು ಕೆತ್ತಲು ವಿಲಾಯತಿ ಗಿಡದ ಬೇರಿನ ಗಂಟು ಕೊಟ್ಟವರು ದೇವಳಾಲಿ ಕ್ಯಾಂಪಿನ ಮುದಿ ಮೇಜರ್. ಊರು ಬಿಡುವ ಮುಂಚೆ ಅವರು ಇವತ್ತು ಊಟಕ್ಕೆ ಬಂದು ಪೈಪು ಒಯ್ಯುವವರಿದ್ದರು.

ಜಯಕರ ದನಿ ಏರಿಸಲಿಲ್ಲ. ನಿನ್ನೆ ಸೇದಿದ್ದು ಹೌದು, ಮೆಲ್ಲಗೇ ಸೇದಿದ್ದು, ಇಟ್ಟು ಹೋಗುವಾಗ ಬಿರುಕು ಇರಲಿಲ್ಲ ಎಂದ. ಬಿಂದುಮಾಧವ ಕೇಳುವ ಸ್ಥಿತಿಯಲ್ಲಿರಲಿಲ್ಲ. ಬೀಡಿ ಎಳೆದ ಹಾಗೆ ಎಳೆದಿದ್ದೀಯ, ಹೊಟ್ಟೆಕಿಚ್ಚಿಗೆ ಸುಟ್ಟಿದ್ದೀಯ ಎಂದು ಒದರಿದ.

"ತಪ್ಪು ಒಪ್ಪಿಕೋ. ಇಲ್ಲಾ, ಇನ್ನ ಈ ಹೊಸ್ತಿಲಾ ತುಳೀಬ್ಯಾಡ."

ಮಂದಾಕಿನಿ ಒಂದು ಹೆಜ್ಜೆ ಮುಂದೆ ಬಂದಳು. ಬಾಯಿ ಬಿಟ್ಟರೆ ಗಂಡನ ಸಿಟ್ಟು ತನ್ನ ಮೇಲೆ. ಸುಮ್ಮನಿದ್ದರೆ ಈ ಮನುಷ್ಯ ಕೈತಪ್ಪಿ ಹೋಗುತ್ತಾನೆ.

"ನಾನೇ ತೊಳದೇನ್ರಿ" ಎಂದಳು. "ಮುಂಜಾನೆ. ಅಣ್ಣಾರು ಬಾಯಾಗ ಇಟ್ಟದ್ದು, ಎಂಜಲಾಗಿತ್ತಲ್ಲ. ಊಟಕ್ಕ ಬರೋ ದೊಡ್ಡವರಿಗೆ ಹೆಂಗ ಕೊಡೋದಂತ ಕುದಿಯೋ ನೀರಾಗ ಹಾಕಿ, ಸೀಗೇಪುಡಿ ಹಚ್ಚಿ ತಿಕ್ಕಿ, ಬಿಸಲಿಗೆ ಇಟ್ಟಿದ್ದೆ."

ಬಿಂದುಮಾಧವ ಪೈಪನ್ನೂ ಹೆಂಡತಿಯನ್ನೂ ನೋಡಿದ. ಪೈಪನ್ನು ಕೆಳಗಿಟ್ಟ. ಆಮೇಲೆ ಜಯಕರನತ್ತ ನಗಲು ನೋಡಿದ.

"ಹೋಗಲಿ ಬಿಡೋ. ಕೂಡು, ಚಾ ಕುಡಿಯೋಣು."

ಜಯಕರ ಅವನ ಕಡೆ ತಿರುಗಲೇ ಇಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಮಂದಾಕಿನಿಗೆ ಹೇಳಿದ.

"ನೀವು ಅಳಬೇಡಿ ಅಕ್ಕ. ನಾವು ಊರಿನ ಎಂಜಲು ತೊಳೆಯುವವರು. ನಮ್ಮ ಎಂಜಲು ನೀವು ತೊಳೆದಿರಿ. ಲೆಕ್ಕ ಸರಿಹೋಯ್ತು."

ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದ. ಮುಂದೆ ಔರಂಗಾಬಾದಿಗೆ ವರ್ಗವಾಗಿ ಇವರ ಸಾಮಾನು ಲಾರಿಗೆ ಏರಿದ ದಿನವೂ ಅವನು ಬರಲಿಲ್ಲ.