ಎಡಗಡೆಯ ತಿರುವು

ತಮ್ಮನ ಮೇಲೆ ನನಗೆ ಅನುಮಾನ ಬಂದದ್ದು ಅವನು ಆ ಆಟದಲ್ಲಿ ಮೊದಲ ಸ್ಥಾನಕ್ಕೆ ಬಂದ ದಿನ.

ಅನುಮಾನವೇ ನನ್ನ ಕಸುಬು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವಳು ನಾನು. ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುವ ರೀತಿಯೇ ಬೇರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜೊತೆಗೇ ನನ್ನ ದಿನ ಕಳೆಯುತ್ತದೆ. ಮನೆಯಲ್ಲಿ ನನಗೆ ‘ಚೆಕಿಂಗ್’ ಎಂದೇ ಅಡ್ಡಹೆಸರು.

ತಮ್ಮ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದವನು. ಎಡಗೈ ಯಂತ್ರಕ್ಕೆ ಸಿಕ್ಕಿದ ಮೇಲೆ ಅದರ ಬೆರಳುಗಳು ಮಡಚುವುದಿಲ್ಲ. ಬೆಳಿಗ್ಗೆ ಅವನ ಶರ್ಟಿನ ಗುಂಡಿ ಹಾಕಿ, ಹಣ್ಣು ಕೊಯ್ದಿಟ್ಟು ನಾನು ಡಿಪೋಗೆ ಹೊರಡುತ್ತೇನೆ. ದೂರದ ಊರಿನ ತಪಾಸಣಾ ತಂಡಕ್ಕೆ ಮುಖ್ಯಸ್ಥೆಯಾಗಿ ಬಾ ಎಂದು ಮೇಲಿನವರು ಕರೆದಾಗ ಬೇಡ ಎಂದಿದ್ದೆ. ಅವನು ನೊಂದುಕೊಂಡಾನು ಎಂದು ಮನೆಯಲ್ಲಿ ಬಾಯಿ ಬಿಡಲಿಲ್ಲ. ಈ ವಾರ ಮತ್ತೆ ಕೇಳಿದ್ದಾರೆ, ಇದೇ ಕೊನೆಯ ಸಲವಂತೆ.

ಆಟ ಎಂದೆನಲ್ಲ, ಅದು ಟಿವಿಯಲ್ಲಿ ಆಡುವ ವಿಡಿಯೋ ಗೇಮ್, ಮುಂದೆಂದೋ ಬರುವ ಕಾಲದ ರೇಸು. ಗಾಡಿಗಳಿಗೆ ಚಕ್ರವಿಲ್ಲ, ಭೂಮಿಯ ಸೆಳೆತದ ಹಂಗಿಲ್ಲ. ಸಮುದ್ರದ ಮೇಲೆ ಹಾಸಿದ ರಸ್ತೆಯಿಂದ ಗೇಣುದ್ದ ಮೇಲೆ ತೇಲಿಕೊಂಡೇ ಓಡುತ್ತವೆ. ನೆಲದ ಹಿಡಿತವೇ ಇಲ್ಲದ ಮೇಲೆ ತಿರುಗುವುದು ಹೇಗೆ? ಬಲಕ್ಕೆ ತಿರುಗಲು ಬಲಗಡೆಯ ಬ್ರೇಕು, ಎಡಕ್ಕೆ ಎಡಗಡೆಯದು. ಕಂಟ್ರೋಲರಿನಲ್ಲಿ ಒಂದೊಂದು ಕೈಗೆ ಒಂದೊಂದು ಬಟನ್. ಒಂಟಿ ಕೈಯ ನನ್ನ ತಮ್ಮ ಎಡ ತಿರುವು ಬಂದಲ್ಲೆಲ್ಲ ಸಮುದ್ರಕ್ಕೆ ಬೀಳುತ್ತಿದ್ದ. ಅಂಥವನು ಮೊದಲು ಬಂದನೆಂದರೆ?

“ಅದೃಷ್ಟ ಅಕ್ಕಾ,” ಅಂದ, ಕಿಟಕಿಯಾಚೆ ನೋಡುತ್ತ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಅವನು ಸ್ನಾನಕ್ಕೆ ಹೋದಾಗ ಬಲಗೈಯೊಂದರಲ್ಲೇ ನಾನೂ ಆಡಿ ನೋಡಿದೆ. ಎಷ್ಟು ಸಲ ಆಡಿದರೂ ಸಮುದ್ರವೇ ಗತಿ. ಊಟದ ಹೊತ್ತಿಗೆ ನೀರಿನ ಲೋಟವನ್ನು ಬೇಕೆಂದೇ ಅವನ ಎಡಕ್ಕೆ ಉರುಳಿಸಿದೆ. ಹಿಡಿಯಲಿಲ್ಲ, ನೀರೆಲ್ಲ ಮಡಿಲಿಗೆ ಚೆಲ್ಲಿತು. “ಕಣ್ಣು ಎಲ್ಲಿಟ್ಟಿದ್ದೀಯೇ?” ಎಂದು ಅಮ್ಮ ಗದರಿದಳು. ಭಲೇ ನಟ ಎಂದುಕೊಂಡೆ.

ಇನ್ನೊಂದು ಸಾಕ್ಷಿಯೂ ಇತ್ತು. ಬೆಳಿಗ್ಗೆ ನಾನು ನೆಟ್ಟಗೆ ಹಾಕಿದ ಶರ್ಟಿನ ಗುಂಡಿಗಳು ಸಂಜೆ ಬಂದು ನೋಡಿದರೆ ಒಂದು ಕಾಜ ತಪ್ಪಿರುತ್ತಿದ್ದವು. ಅಂದರೆ ನಾನಿಲ್ಲದಾಗ ತಾನೇ ಬಿಚ್ಚಿ ಹಾಕಿಕೊಳ್ಳುತ್ತಾನೆ! ಕೈ ಸರಿಹೋಗಿದೆ, ಕೂತು ಉಣ್ಣುವ ಸುಖ ಬಿಡಲಾರದೆ ಮುಚ್ಚಿಡುತ್ತಿದ್ದಾನೆ. ಇವನಿಗಾಗಿ ಬಂದ ಭಾಗ್ಯವನ್ನು ಒದ್ದೆನಲ್ಲ ಎಂದು ಹೊಟ್ಟೆ ಉರಿಯಿತು.

ಮರುದಿನ ಮಧ್ಯಾಹ್ನ ರಜೆ ಹಾಕಿ, ಕಳ್ಳರನ್ನು ಹಿಡಿಯುವಾಗ ಮಾಡುವಂತೆ ಒಂದು ಸ್ಟಾಪ್ ಮೊದಲೇ ಇಳಿದೆ. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ.

ಸೋಫಾದ ಮೇಲೆ ತಮ್ಮ, ಅವನ ಎಡಕ್ಕೆ ಅಂಟಿಕೊಂಡು ಅಮ್ಮ. ಟಿವಿ ಸದ್ದಿಗೆ ತಲೆನೋವು ಎನ್ನುವ ಅಮ್ಮ! ಕಂಟ್ರೋಲರಿನ ಬಲಭಾಗ ಅವನ ಕೈಯಲ್ಲಿ, ಎಡಭಾಗ ಅವಳ ಕೈಯಲ್ಲಿ.

“ಈಗ ಒತ್ತಮ್ಮಾ... ಇನ್ನೂ ಸ್ವಲ್ಪ... ಬಿಡು!”

“ಸುಮ್ನಿರೋ, ನಂಗೊತ್ತು.” ಅಮ್ಮ ಇಡೀ ಮೈಯನ್ನೇ ಎಡಕ್ಕೆ ವಾಲಿಸಿದಳು. ಗಾಡಿ ತಿರುವು ದಾಟಿತು.

ನಾನು ಕೆಮ್ಮಿದೆ. ಗಾಡಿ ಸಮುದ್ರಕ್ಕೆ ಬಿತ್ತು.

“ಏನಿದು?”

“ಅಭ್ಯಾಸ,” ಅಂದಳು ಅಮ್ಮ. “ಇಬ್ರೂ ಒಟ್ಟಿಗೆ ಕೈ ಆಡಿಸೋದು ಮೊದಲು ಇದ್ರಲ್ಲೇ ಕಲಿತ್ವಿ. ಈಗ ಗುಂಡಿ ಹಾಕೋದು, ಹಣ್ಣು ಕೊಯ್ಯೋದು. ನನ್ನ ಹಾಳು ಕಣ್ಣಿಗೆ ಗುಂಡಿ ಒಂದೊಂದ್ಸಲ ತಪ್ಪತ್ತೆ.”

“ನನಗ್ಯಾಕೆ ಮುಚ್ಚಿಟ್ರಿ?”

“ನೀನು ಮುಚ್ಚಿಡ್ಲಿಲ್ವಾ?” ತಮ್ಮ ಕೇಳಿದ. “ನಿನ್ನನ್ನ ಮೊದಲ ಸಲ ಕರೆದಾಗ್ಲೇ ನಿನ್ನ ಆಫೀಸಿನವರು ಮನೆಗೆ ಫೋನ್ ಮಾಡಿದ್ರು. ನನ್ನ ಕೈಗೋಸ್ಕರ ಬೇಡ ಅಂದ್ಯಂತೆ. ಎಲ್ಲ ಸರಿಯಾಗಿ ಕಲಿತ್ಮೇಲೆ ಹೇಳೋಣ ಅಂತಿದ್ವಿ. ಹೋಗಕ್ಕಾ ನೀನು. ನಾವು ನಿಭಾಯಿಸ್ತೀವಿ.”

ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವಳು ನಾನೇ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಗೊತ್ತಿಲ್ಲದ ಊರು, ನನ್ನ ಮಾತು ಕೇಳಬೇಕಾದ ಅಷ್ಟೊಂದು ಜನ. ಹೋಗದಿರಲು ನನಗಿದ್ದ ನೆಪ ಈ ಎಡಗೈಯೊಂದೇ, ಅದನ್ನೂ ಇವರು ಕಿತ್ತುಕೊಂಡಿದ್ದರು.

ತಮ್ಮನ ಹತ್ತಿರ ಹೋದೆ. ಶರ್ಟಿನ ಗುಂಡಿಗಳು ಇವತ್ತೂ ಒಂದು ಕಾಜ ತಪ್ಪಿದ್ದವು. ಸರಿಮಾಡಲು ನನ್ನ ಕೈ ತಾನಾಗಿಯೇ ಚಾಚಿಕೊಂಡಿತು.

“ಬಿಡಕ್ಕಾ,” ಅಂದ ಅವನು ಮೆಲ್ಲಗೆ. “ಅದು ನಾವು ಹಾಕಿದ್ದು.”