ಟೈಲರಮ್ಮನ ಚೆಂಡಿನ ಕೊಳವೆ

ಟೈಲರಮ್ಮ ಸನ್ನೆಕೋಲು ಎಳೆದಳು. ಕೊಳವೆ ಕೆಮ್ಮಲೂ ಇಲ್ಲ. ಎದುರಿಗೆ ಹೆಲ್ಮೆಟ್ ಹಾಕಿ ಬ್ಯಾಟ್ ಹಿಡಿದು ನಿಂತಿದ್ದ ಮಗಳು ಸುಮ್ಮನೆ ಕಾಲು ಬದಲಿಸಿದಳು.

ನಾಳೆ ತಂಡದ ಆಯ್ಕೆ. ಪಕ್ಕದ ನೆಟ್ಟಿನಲ್ಲಿ ಕ್ಲಬ್ಬಿನ ಬೌಲಿಂಗ್ ಯಂತ್ರ ಹುಡುಗರಿಗೆ ಚೆಂಡೆಸೆಯುತ್ತಲೇ ಇತ್ತು. "ಯಂತ್ರ ಹುಡುಗರಿಗೇ ಸಾಲ್ತಿಲ್ಲ. ನಿಮ್ಮ ಹುಡುಗಿಗೆ ನೀವೇ ಎಸೀರಿ," ಎಂದಿದ್ದ ಕೋಚ್. ಎಸೆದೂ ಎಸೆದೂ ಟೈಲರಮ್ಮನ ಬಲಭುಜ ಕೆಟ್ಟಿತ್ತು. ಕತ್ತರಿ ಹಿಡಿದರೂ ಜೀವ ಹೋಗುತ್ತಿತ್ತು. ಭುಜ ಹೋದರೆ ಹೋಗಲಿ, ಹಟ ಎಲ್ಲಿಗೆ ಹೋಗುತ್ತದೆ? ನೀರಿನ ಪೈಪಿಗೆ ಸೈಕಲ್ ಪಂಪು ಜೋಡಿಸಿ, ಗಾಳಿ ತುಂಬಿ ಟೆನಿಸ್ ಚೆಂಡು ಹಾರಿಸುವ ಕೊಳವೆ ಕಟ್ಟಿದಳು. ನಿನ್ನೆ ಚೆನ್ನಾಗಿಯೇ ಹಾರಿಸಿತ್ತು.

"ಸಾಕು ಬಿಡೇ. ಎಲ್ರೂ ನಗ್ತಿದಾರೆ," ಎಂದ ಕೊಳವೆ ಹೊತ್ತು ತಂದಿದ್ದ ಅವಳ ಅಣ್ಣ.

"ಬಟ್ಟೆ ಹೊಲಿಯೋದು ನನ್ನ ಕೆಲಸ, ನಗೋರ ಬಾಯಲ್ಲ. ಆ ಸ್ಪ್ಯಾನರ್ ಕೊಡು."

ಗಾಳಿ ಬಿಟ್ಟು ವಾಲ್ವ್ ಬಿಚ್ಚಿದಳು. ಒಳಗೆ ಜಾರಬೇಕಾದ ಪಿಸ್ಟನ್ ಕಚ್ಚಿಕೊಂಡಿತ್ತು. ಅದರ ಸುತ್ತಲಿನ ರಬ್ಬರ್ ರಿಂಗು ಉಬ್ಬಿ ಮೆತ್ತಗಾಗಿತ್ತು. ಮೂಸಿದಳು. ಹೊಲಿಗೆ ಯಂತ್ರದ ಎಣ್ಣೆ. ನಿನ್ನೆ ಚೆಂಡು ಹಾರಿದ ಖುಷಿಗೆ ತಾನೇ ಧಾರಾಳವಾಗಿ ಸುರಿದಿದ್ದಳು. ಓಡುವುದಕ್ಕೆಲ್ಲ ಎಣ್ಣೆ ಬಿಡುವುದು ಅವಳ ಹಳೇ ಚಾಳಿ.

"ಎಲಾಸ್ಟಿಕ್‌ಗೆ ಎಣ್ಣೆ ತಾಗಿಸ್ಬೇಡಿ, ಸತ್ತೋಗುತ್ತೆ ಅಂತ ಗಿರಾಕಿಗಳಿಗೆ ಬುದ್ಧಿ ಹೇಳೋಳು ನಾನೇ."

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ," ಎಂದು ಅಣ್ಣ ನಕ್ಕ.

"ನಕ್ಕಿದ್ದಾಯ್ತಲ್ಲ, ಓಡು. ನಲ್ಲಿ ಅಂಗಡೀಲಿ ಇದೇ ಅಳತೆಯ ರಿಂಗು, ವಾಷರ್‌ಗೆ ಸವರೋ ಸಿಲಿಕೋನ್ ಗ್ರೀಸು ತಾ."

ಅವನು ತರುವಷ್ಟರಲ್ಲಿ ಎಣ್ಣೆಯನ್ನೆಲ್ಲ ಚಿಂದಿಯಿಂದ ಒರೆಸಿಟ್ಟಿದ್ದಳು. ಹೊಸ ರಿಂಗಿಗೆ ಬೆರಳ ತುದಿಯಲ್ಲಿ, ಕಾಡಿಗೆ ತೀಡುವಷ್ಟೇ ಗ್ರೀಸು ಸವರಿದಳು. ಪಿಸ್ಟನ್ ಮೆಲ್ಲಗೆ ಜಾರಿತು. ಅವಳಿಗೆ ಉಸಿರು ಬಂತು.

ಅಷ್ಟರಲ್ಲಿ ಕೋಚ್ ಬಲೆಯ ಆಚೆಯಿಂದಲೇ ಕೂಗಿದ. "ಏನಮ್ಮಾ ಇದು ತಮಾಷೆ? ಜಾಗ ಖಾಲಿ ಮಾಡಿ."

"ನೀವೇ ಎಸೀರಿ ಅಂದವರು ನೀವೇ ಅಲ್ವಾ ಸಾರ್? ಎಸೀತಿದೀನಿ. ಇಲ್ಲಿಂದ ಕದಲಲ್ಲ."

ಗಾಳಿ ತುಂಬಿ ಸನ್ನೆಕೋಲು ಎಳೆದಳು. ಢಬ್ ಎಂದು ಹಾರಿದ ಚೆಂಡನ್ನು ಮಗಳು ಒಂದು ಹೆಜ್ಜೆ ಮುಂದಿಟ್ಟು ಬಾರಿಸಿದಳು. ಅದು ಬಲೆ ದಾಟಿ, ಹುಡುಗರ ನಡುವೆ ಪುಟಿದು, ಕೋಚ್‌ನ ಕಾಲ ಬಳಿ ಹೋಗಿ ನಿಂತಿತು. ಅವನು ಬಗ್ಗಿ ಎತ್ತಿಕೊಂಡ.

ಚೆಂಡು ತರಲು ಅಣ್ಣ ಹೊರಟ.

"ನಿಂತ್ಕೋ," ಎಂದಳು ಟೈಲರಮ್ಮ. "ಅವರೇ ಎಸೀಲಿ."

ಅವಳು ಪಂಪಿನ ಮೇಲೆ ಕಾಲಿಟ್ಟು, ಎಡಗೈಯಿಂದ ಮತ್ತೆ ಗಾಳಿ ತುಂಬತೊಡಗಿದಳು.