ಹಳದಿ ಜಾಕೆಟ್ಟಿನವನು ಯಾರು?

ಆ ಬೀದಿಯಲ್ಲಿ ಏನು ಕಾಣೆಯಾದರೂ ಜನರ ಕಣ್ಣು ಮೊದಲು ಹೊರಳುತ್ತಿದ್ದುದು ತಗಡಿನ ಶೆಡ್ಡಿನ ಕಡೆಗೇ. ಹಗ್ಗದ ಮೇಲಿದ್ದ ಟವೆಲ್ ಇಲ್ಲವೇ? ಶೆಡ್ಡಿನವರು. ಬಾಗಿಲಲ್ಲಿ ಬಿಟ್ಟ ಚಪ್ಪಲಿಯಲ್ಲಿ ಒಂದು ಕಾಲಿನದು ಇಲ್ಲವೇ? ಶೆಡ್ಡಿನವರು. ಒಂದೇ ಕಾಲಿನ ಚಪ್ಪಲಿ ಕದ್ದು ಅವರೇನು ಮಾಡುತ್ತಾರೆ ಎಂದು ಯಾರೂ ಕೇಳುತ್ತಿರಲಿಲ್ಲ.

ರಸ್ತೆ ಅಗೆದು ನೀರಿನ ಪೈಪು ಹಾಕಲು ಬೇರೆಲ್ಲಿಂದಲೋ ಬಂದವರು ಅವರು. ಎಲ್ಲರಿಗೂ ಒಂದೇ ಹಳದಿ ಜಾಕೆಟ್, ತಲೆಗೆ ಹೆಲ್ಮೆಟ್, ಮುಖದ ತುಂಬ ಧೂಳು. ಅವರು ನಕ್ಕರೆ ನಮ್ಮನ್ನೇ ಆಡಿಕೊಳ್ಳುತ್ತಿದ್ದಾರೆ ಎನಿಸುವುದು. ಸುಮ್ಮನಿದ್ದರೆ ಏನೋ ಹೊಂಚು ಹಾಕುತ್ತಿದ್ದಾರೆ ಎನಿಸುವುದು.

ಎಲ್ಲರಿಗಿಂತ ಹೆಚ್ಚು ಅನುಮಾನ ಕಾಜಕ್ಕನದು. ಬೀದಿಯ ತುದಿಯ ಹೊಲಿಗೆ ಕೋಣೆಯಲ್ಲಿ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದು ಅವಳ ಕೆಲಸ. ಅದಕ್ಕೇ ಆ ಹೆಸರು. ಹೊಲಿಯುತ್ತಲೇ ಕಿಟಕಿಯ ಪರದೆಯ ಸಂದಿಯಿಂದ ಹೊರಗೆ ಒಂದು ಕಣ್ಣು ಇಟ್ಟಿರುತ್ತಿದ್ದಳು. ಆಗಾಗ ಎದ್ದು ಹಿಂಬಾಗಿಲ ಚಿಲಕ ಎಳೆದು ನೋಡುತ್ತಿದ್ದಳು. "ಚಿಲಕ ಸವೆದು ಹೋಗುತ್ತೆ ಕಣೇ," ಎಂದು ಜೊತೆಗೆ ಹೊಲಿಯುವ ಹೆಂಗಸರು ನಗುತ್ತಿದ್ದರು.

ಅವಳು ಚಿಲಕ ಮರೆತದ್ದು ಒಂದೇ ದಿನ. ಅಂದೇ ಆಗಬಾರದ್ದು ಆಯಿತು.

ಮಧ್ಯಾಹ್ನ ಉಳಿದ ಹೆಂಗಸರು ಊಟಕ್ಕೆ ಹೋಗಿದ್ದರು. ಹಿಂದೆ ಏನೋ ಸದ್ದಾಯಿತೆಂದು ಕಾಜಕ್ಕ ಕಿಟಕಿಗೆ ಬಂದಳು. ಹೆಗಲ ಮೇಲೆ ಚೀಲ ಹೊತ್ತ ಒಂದು ಹಳದಿ ಜಾಕೆಟ್ ಗೋಡೆಯ ಮೂಲೆ ತಿರುಗಿ ಮರೆಯಾಯಿತು. ಹಿಂಭಾಗಕ್ಕೆ ಓಡಿ ನೋಡಿದರೆ, ಹಿಂಬಾಗಿಲು ತೆರೆದಿತ್ತು, ಬಟ್ಟೆ ಕತ್ತರಿಸುವ ಮಿಷನ್ ಇಟ್ಟಿದ್ದ ಮೇಜು ಬರಿದಾಗಿತ್ತು. ಕೋಣೆಯ ಅಷ್ಟೂ ಹೆಂಗಸರ ಕೆಲಸ ಆ ಮಿಷನ್ನಿನಿಂದಲೇ ಶುರುವಾಗಬೇಕು.

ಇಡೀ ಬೀದಿಯೇ ಶೆಡ್ಡಿಗೆ ನುಗ್ಗಿತು. ಕೆಲಸದವರ ಮೇಸ್ತ್ರಿ ರಗಳೆಯೇ ಬೇಡವೆಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ.

"ತೋರಿಸಿ ಅಮ್ಮಾ, ಯಾರು?"

ಕಾಜಕ್ಕ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದಳು. ಎಲ್ಲ ಮುಖಗಳೂ ಒಂದೇ ಅಚ್ಚಿನಲ್ಲಿ ಒತ್ತಿದಂತಿದ್ದವು. ಅವುಗಳ ನಡುವೆ ಒಂದು ಮುಖದ ಮೇಲೆ ಮಾತ್ರ ಕಣ್ಣು ತಡೆದು ನಿಂತಿತು. ಇದನ್ನು ಎಲ್ಲೋ ನೋಡಿದ್ದೇನೆ ಎನಿಸಿತು. ಬೆರಳು ತಾನಾಗಿ ಮೇಲೆದ್ದಿತು.

"ಇವನೇ."

"ಖಂಡಿತಾನಾ?"

"ಕಣ್ಣಾರೆ ನೋಡಿದೀನಿ ಅಂತಿಲ್ವಾ!"

ಆ ಹುಡುಗ ಅರೆಬರೆ ಮಾತಿನಲ್ಲಿ ಏನೇನೋ ಹೇಳಹೋದ. ಮೇಸ್ತ್ರಿ ಕೇಳಲಿಲ್ಲ. "ನಾಳೆ ಬೆಳಿಗ್ಗೆ ಲಾರಿ ಹತ್ತು. ಕಳ್ಳ ಅಂತ ಎಲ್ಲಾ ಕಡೆ ಹೇಳಿಡ್ತೀನಿ, ಇನ್ನು ಯಾರು ಕೆಲಸ ಕೊಡ್ತಾರೋ ನೋಡೋಣ," ಎಂದ.

ಸಂಜೆ ಕಾಜಕ್ಕ ಮನೆಯಲ್ಲಿ ಅದನ್ನೇ ಬಣ್ಣಿಸುತ್ತಿದ್ದಾಗ, ಅವಳ ನಾದಿನಿ ಕೆಲಸದಿಂದ ಬಂದು ಬೂಟು ಬಿಚ್ಚುತ್ತ ಕೇಳಿಸಿಕೊಂಡಳು. ಅವಳು ಆರೋಗ್ಯ ಕೇಂದ್ರದಲ್ಲಿ ನರ್ಸು.

"ಅತ್ತಿಗೆ, ಕಿಟಕಿಯಿಂದ ಅವನ ಮುಖ ಕಂಡಿತ್ತಾ?"

"ಮುಖ ಯಾಕೆ ಬೇಕು? ಜಾಕೆಟ್ ಕಾಣಲಿಲ್ವಾ?"

"ಜಾಕೆಟ್ ಎಲ್ಲರದೂ ಒಂದೇ."

"ಅವರೂ ಎಲ್ಲಾ ಒಂದೇ ಬಿಡು!"

ನಾದಿನಿ ನಕ್ಕಳು. "ನಮ್ಮಲ್ಲಿಗೆ ಬರೋ ರೋಗಿಗಳೂ ಹೀಗೇ ಅಂತಾರೆ. ಯಾರೋ ಒಬ್ಬ ನರ್ಸು ಗದರಿಸಿರ್ತಾಳೆ, ಮಾರನೇ ದಿನ ನನ್ನ ನೋಡಿ ಮುಖ ತಿರುಗಿಸ್ತಾರೆ. ಬಿಳಿ ಬಟ್ಟೆ ಹಾಕಿದೋರೆಲ್ಲ ಅವರಿಗೆ ಅದೇ ಸಿಡುಕಿ."

"ನಿನ್ನದು ಬಿಡೇ, ನೀನು ನಮ್ಮೋಳು," ಎಂದು ಕಾಜಕ್ಕ ಮೂಗು ಮುರಿದಳು.

ಅಷ್ಟರಲ್ಲಿ ಪಕ್ಕದ ಮನೆಯಿಂದ ಗದ್ದಲ ಕೇಳಿಸಿ ಇಬ್ಬರೂ ಬಾಗಿಲಿಗೆ ಬಂದರು. ಅಲ್ಲಿರುವವಳಿಗೆ ಬೀದಿಯವರು ಇಟ್ಟ ಹೆಸರು ರೇಡಿಯೊ ಅಕ್ಕ. ಅವಳ ಬಾಯಿಗೆ ಬಿಡುವಿರಲಿಲ್ಲ. ಅವಳೂ ಹೊಲಿಗೆ ಕೋಣೆಯವಳೇ. ಅವಳ ಬಾಗಿಲಲ್ಲಿ ಆ ಹುಡುಗ ಕೈಮುಗಿದು ನಿಂತಿದ್ದ.

"ಅಮ್ಮಾ, ನೀವು ಬೆರಳು ತೋರಿಸಿದ್ರಿ. ನಾನಲ್ಲ ಅಮ್ಮಾ. ಮೇಸ್ತ್ರಿಗೆ ಹೇಳಿ ಅಮ್ಮಾ."

"ಅಯ್ಯೋ, ನಾನೆಲ್ಲಿ ತೋರಿಸಿದೆ? ಅವಳು ಪಕ್ಕದ ಮನೆಯೋಳು! ಕಡ್ಡಿ ಹಂಗಿದಾಳೆ ಅವಳು. ನಾನು ಹಂಗಿದೀನಾ? ನಿನಗೇನು ಕಣ್ಣು ಕಾಣಲ್ವಾ?"

ಹುಡುಗ ಗಾಬರಿಯಾಗಿ ಈ ಬಾಗಿಲು ಆ ಬಾಗಿಲು ನೋಡಿದ. "ತಪ್ಪಾಯ್ತು ಅಮ್ಮಾ. ಎಲ್ಲರಿಗೂ ನೀಲಿ ಏಪ್ರನ್, ಮೇಲೆ ಕಟ್ಟಿದ ಕೂದಲು. ನಮಗೆ ನೀವೆಲ್ಲ ಒಂದೇ ಥರ ಕಾಣ್ತೀರಿ."

ಕಾಜಕ್ಕನಿಗೆ ಮೈ ಉರಿದುಹೋಯಿತು. "ಅವಳೂ ನಾನೂ ಒಂದೇ ಥರಾನಾ? ಆ ಗುಡಾಣಕ್ಕೂ ನನಗೂ—"

ನಾದಿನಿ ಅವಳನ್ನೇ ನೋಡುತ್ತಿದ್ದಳು.

ಆಗ ಒಳಗಿನಿಂದ ಗೋಡೆ ಹಿಡಿದುಕೊಂಡು ಕಾಜಕ್ಕನ ಅತ್ತೆ ಬಂದರು. ಹುಡುಗನನ್ನು ಹತ್ತಿರ ಕರೆದು, ಹುಬ್ಬಿನ ಮೇಲಿದ್ದ ಹಳೆಯ ಗಾಯದ ಗುರುತನ್ನು ನೋಡಿದರು.

"ಏ, ನೀನೇ ಅಲ್ವೇನೋ? ಅವತ್ತು ಪೈಪಿನ ಗುಂಡಿ ಹತ್ರ ತಲೆ ಸುತ್ತಿ ಬೀಳ್ತಿದ್ದಾಗ ನನ್ನ ಹಿಡ್ಕೊಂಡು ಮನೆ ತನಕ ಬಿಟ್ಟೋನು? ಇವನಿಗೇ ಅಲ್ವೇನೇ ನೀನು ನೀರು ಕೊಟ್ಟಿದ್ದು?"

ಕಾಜಕ್ಕನಿಗೆ ಎಲ್ಲ ನೆನಪಾಯಿತು. ಹೊಸ್ತಿಲಾಚೆ ನಿಂತು ನೀರು ಕುಡಿದಿದ್ದ. ಲೋಟ ಎತ್ತಿಕೊಂಡು ಹೋಗಿಬಿಟ್ಟಾನೆಂದು ಅವಳು ಪರದೆಯ ಹಿಂದಿನಿಂದ ಕಾದು ನೋಡಿದ್ದಳು. ಅವನು ಅದನ್ನು ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಹೋಗಿದ್ದ. ಅವಳು ಹತ್ತಿರದಿಂದ ನೋಡಿದ್ದ ಒಂದೇ ಒಂದು ಶೆಡ್ಡಿನ ಮುಖ ಅದು. ಅದಕ್ಕೇ ಸಾಲಿನಲ್ಲಿ ಗುರುತು ಹತ್ತಿದ್ದು. ಕಳ್ಳನ ಮುಖವನ್ನು ಅವಳು ನೋಡಿಯೇ ಇರಲಿಲ್ಲ.

ಆದರೂ ಅನುಮಾನ ಸುಲಭಕ್ಕೆ ಬಿಡುವ ಪೈಕಿಯಲ್ಲ. "ಇವನೊಬ್ಬ ಬೇರೆ ಇರಬಹುದು. ಉಳಿದೋರು..." ಎಂದಳು ಮೆಲ್ಲಗೆ.

"ನೋಡಿ, ಮತ್ತೆ ಅಲ್ಲಿಗೇ ಬಂದ್ರಿ," ಎಂದಳು ನಾದಿನಿ. "ಅವರಲ್ಲಿ ಒಬ್ಬ ಕೆಟ್ಟದ್ದು ಮಾಡಿದ್ರೆ 'ಎಲ್ಲಾ ಹೀಗೇ' ಅಂತೀವಿ. ಒಬ್ಬ ಒಳ್ಳೇದು ಮಾಡಿದ್ರೆ 'ಇವನೊಬ್ಬ ಬೇರೆ' ಅಂತೀವಿ. ನಮ್ಮ ಬೀದೀಲಿ ಯಾರು ಜಿಪುಣ, ಯಾರು ಅಳುಬುರುಕಿ, ಎಲ್ಲಾ ಗೊತ್ತು ನಿಮಗೆ. ಯಾಕೆ? ದಿನಾ ಮಾತಾಡ್ತೀರಿ, ಜಗಳ ಆಡ್ತೀರಿ. ಇವರನ್ನ ದೂರದಿಂದ ಗುಂಪಾಗಿ ನೋಡ್ತೀವಿ. ಆಗ ಕಣ್ಣಿಗೆ ಜಾಕೆಟ್ಟೇ ಸಾಕು ಅನಿಸಿಬಿಡುತ್ತೆ. ಅವರಿಗೂ ಅಷ್ಟೇ, ನಮ್ಮ ಏಪ್ರನ್ನೇ ಸಾಕಾಯ್ತು. ಇದು ಕೆಟ್ಟೋರ ಗುಣ ಅಲ್ಲ ಅತ್ತಿಗೆ, ಎಲ್ಲರ ಕಣ್ಣಿಗೂ ಇರೋ ಸೋಮಾರಿತನ. ಆದ್ರೆ ಅದನ್ನ ನಂಬಿ ಬೆರಳು ತೋರಿಸಿದ್ರೆ ಒಬ್ಬರ ಬದುಕೇ ಹೋಗುತ್ತೆ."

ಬೆಳಿಗ್ಗೆ ಲಾರಿ ಆಗಲೇ ಸದ್ದು ಮಾಡುತ್ತಿತ್ತು. ಹುಡುಗ ಗಂಟು ತಬ್ಬಿಕೊಂಡು ಹಿಂದೆ ಕುಳಿತಿದ್ದ. ಕಾಜಕ್ಕ ಏದುಸಿರು ಬಿಡುತ್ತ ಬಂದು ಲಾರಿಯ ಮುಂದೆ ನಿಂತಳು.

"ಇವನಲ್ಲ ಮೇಸ್ತ್ರಿ. ನಾನು ಮುಖ ನೋಡಿರಲಿಲ್ಲ."

"ಹಾಗಾದ್ರೆ ಯಾರು? ಬೇರೆ ಒಬ್ಬನ್ನ ತೋರಿಸಿ."

ಸುತ್ತ ನಿಂತ ಹೊಲಿಗೆಯ ಹೆಂಗಸರೂ ಕಾದರು. ಮಿಷನ್ ಹೋಗಿದೆ, ಯಾರ ಮೇಲಾದರೂ ಹೊರಿಸಬೇಕಲ್ಲ! ಕಾಜಕ್ಕ ಸುತ್ತ ನೋಡಿದಳು. ಶೆಡ್ಡಿನ ಬೇಲಿಯ ಮೇಲೆ ತೊಳೆದ ಹಳದಿ ಜಾಕೆಟ್‌ಗಳು ಸಾಲಾಗಿ ಒಣಗುತ್ತಿದ್ದವು. ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ಕೈ ಚಾಚಿ ಒಂದನ್ನು ತೆಗೆದುಕೊಳ್ಳಬಹುದಿತ್ತು.

"ಯಾರು ಅಂತ ನನಗೆ ಗೊತ್ತಿಲ್ಲ," ಎಂದಳು. "ನಾನು ನೋಡಿದ್ದು ಜಾಕೆಟ್ ಮಾತ್ರ. ಅದು ಯಾರ ಮೈಮೇಲಿತ್ತೋ ಗೊತ್ತಿಲ್ಲ. ಅದು ನಮ್ಮ ಬೀದಿಯವರೇ ಆಗಿದ್ರೂ ಆಗಿರಬಹುದು."

"ಏನೇ ಹಂಗಂದ್ರೆ!" ಎಂದು ರೇಡಿಯೊ ಅಕ್ಕ ಸಿಡಿದಳು. ಆದರೆ ಅವಳ ಕಣ್ಣೂ ಬೇಲಿಯತ್ತ ಹೋಯಿತು.

ಮೇಸ್ತ್ರಿ ಕೈಸನ್ನೆ ಮಾಡಿದಾಗ ಹುಡುಗ ಲಾರಿಯಿಂದ ಇಳಿದ. ಅವನು ನಗಲಿಲ್ಲ, ಕೈಮುಗಿಯಲೂ ಇಲ್ಲ. ಹತ್ತಿರ ಬಂದು ಅವಳ ಮುಖವನ್ನು ಸಂಶಯದಿಂದಲೇ ದಿಟ್ಟಿಸಿದ. ಮತ್ತೆ ಯಾರನ್ನೋ ತಪ್ಪಾಗಿ ತಿಳಿದೇನೆಂಬ ಭಯ ಅವನಿಗೆ.

"ನೀರು ಕೊಟ್ಟಿದ್ದು ನೀವೇ ತಾನೆ?"

"ನಾನೇ ಕಣಪ್ಪಾ," ಎಂದಳು ಕಾಜಕ್ಕ. "ಸರಿಯಾಗಿ ನೋಡಿಕೋ. ನಾನೂ ನೋಡ್ಕೊಳ್ತೀನಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೀದಿಯಲ್ಲೂ ನೀವು ಒಟ್ಟಾಗಿ "ಅವರು" ಎಂದು ಕರೆಯುವ ಜನ ಇದ್ದಾರೆ ಅಲ್ಲವೇ? ನಿಮ್ಮನ್ನೂ ಹಾಗೆ ಕರೆಯುವವರು ಎಲ್ಲೋ ಇದ್ದೇ ಇರುತ್ತಾರೆ. ಮನೆಗೆ ಚಿಲಕ ಹಾಕಿಕೊಳ್ಳಿ, ಅದು ತಪ್ಪಲ್ಲ. ಆದರೆ ಯಾರ ಕಡೆಗಾದರೂ ಬೆರಳೆತ್ತುವ ಮೊದಲು ಒಂದು ಗಳಿಗೆ ತಡೆಯಿರಿ: ನಾನು ನೋಡಿದ್ದು ಮುಖವನ್ನೋ, ಜಾಕೆಟ್ಟನ್ನೋ? ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಎನ್ನಿ. ಇವತ್ತೇ ಆ ಗುಂಪಿನ ಒಬ್ಬರ ಜೊತೆ ನಿಂತು ಮಾತಾಡಿ. ಮುಂದಿನ ಸಲ ಅವರನ್ನು ನೀವು ಸಾಲಿನಲ್ಲಿ ನೋಡಿದಾಗ, ಅವರ ಮುಖ ನಿಮಗೆ ಒಳ್ಳೆಯ ಕಾರಣಕ್ಕೇ ಗುರುತು ಸಿಗಲಿ.